ಹದಿನೇಳನೇ ಮನೆಯ ಗುದ್ದಲಿಗಳು

ಬುಕೊವೆಚ್ಕಾ
೧೨ ಮೇ ೧೯೬೪

ನನ್ನ ಮುದ್ದು ಮೆಲಾನಿಯಾ,

ಯೇಸುವಿಗೆ ಮಹಿಮೆಯಾಗಲಿ! "ಎಂದೆಂದಿಗೂ" ಅಂತ ಅಲ್ಲಿಂದಲೇ ಜೋರಾಗಿ ಅಂದುಬಿಡು; ನಡುವೆ ಇಡೀ ಪೋಲೆಂಡ್ ಇದ್ದರೂ ನಿನ್ನ ಸೋದರತ್ತೆಯ ಕಿವಿ ಇನ್ನೂ ಚುರುಕಾಗಿದೆ.

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ನಿನ್ನ ಅಪ್ಪನೆಂಬ ನನ್ನ ತಮ್ಮನ ಮೇಲೆ ಸಿಟ್ಟು ಬಂತು. ನಿನ್ನ ಹುಡುಗ ತೆಯೊದೊರ್ ಬಡಗಿ ಕೆಲಸ ಬಲ್ಲ, ಕುಡಿಯುವುದಿಲ್ಲ, ನಿನ್ನನ್ನು ಕಂಡರೆ ಪ್ರಾಣ. ಅವನ ತಪ್ಪು ಒಂದೇ, ನಿನ್ನ ಹಾಗೆ ಅವನ ಮನೆತನದ ಹೆಸರೂ ಮೊತಿಕಾ, ನಮ್ಮ ಮಾತಿನಲ್ಲಿ ಗುದ್ದಲಿ. "ಒಂದೇ ಹೆಸರು ಅಂದ್ರೆ ಒಂದೇ ರಕ್ತ, ಎರಡು ಗುದ್ದಲಿಗೆ ಮದುವೆ ಮಾಡಿದ್ರೆ ಹುಟ್ಟೋದು ಹಳ್ಳಾನೇ" ಅಂದನಂತೆ ನಿನ್ನ ಅಪ್ಪ. ಸಂತ ಪೇತ್ರನ ಹಬ್ಬದೊಳಗೆ ರಕ್ತ ಬೇರೆ ಎಂದು ತೋರಿಸದಿದ್ದರೆ ಸಂಬಂಧ ಮುರಿದ ಹಾಗೆ, ಅಲ್ಲವೇ? ಸರಿ, ಹೆಸರೇ ಗುದ್ದಲಿ ಆದ ಮೇಲೆ ಅಗೆಯದೆ ಇರಲಾದೀತೇ?

ನಿನ್ನೆ ಬೆಳಿಗ್ಗೆ ಓಟ್ಸಿನ ಹುಳಿಗಂಜಿ ಕುಡಿದು ಓನುಫ್ರಿ ತಾತನ ಮನೆಗೆ ಹೋದೆ. ನಲವತ್ತೇಳರಲ್ಲಿ ಸರ್ಕಾರ ಊರನ್ನೇ ಖಾಲಿ ಮಾಡಿಸಿ ನಮ್ಮನ್ನೆಲ್ಲ ಪಶ್ಚಿಮದ ರೈಲಿಗೆ ತುಂಬಿದಾಗ ಚರ್ಚಿನ ಹಾಡುಗಾರನಾಗಿದ್ದ ಈತ ಬಟ್ಟೆಬರೆ ಬಿಟ್ಟು ಜನನ ಮರಣದ ಪುಸ್ತಕಗಳನ್ನು ಹಿಟ್ಟಿನ ಚೀಲದಲ್ಲಿ ಹೊತ್ತುಕೊಂಡು ಹೋದವನು, ಹತ್ತು ವರ್ಷದ ಮೇಲೆ ನನ್ನ ಹಾಗೆ ಊರಿಗೆ ಮರಳಿದ ಕೆಲವರ ಜೊತೆ ಹೊತ್ತುಕೊಂಡೇ ಬಂದವನು. ಇವತ್ತಿಗೂ ನಮ್ಮ ಪೂರ್ವಜರನ್ನು ಕೊಡವಿದರೆ ಹಿಟ್ಟು ಉದುರುತ್ತದೆ.

"ಏನೇ ಫ್ರೋಸ್ಯಾ, ಈ ವಯಸ್ಸಲ್ಲಿ ನಿಂಗ್ಯಾಕೆ ವಂಶದ ಚಿಂತೆ?" ಎಂದ.

"ನಂದಲ್ಲ ಮಾರಾಯ, ಹುಡುಗೀದು. ಕನ್ನಡಕ ಹಾಕ್ಕೋ, ಹದಿನೇಳನೇ ಮನೆಯ ಪುಟ ತೆಗಿ."

ತೆಯೊದೊರನ ಮನೆ ಹದಿನೇಳು, ನಮ್ಮದು ನಾಲ್ಕು. ಎರಡೂ ಒಂದೇ ಬೇರಿನವು ಎಂದು ಹುಟ್ಟಿದಾಗಿನಿಂದ ಕೇಳಿದ್ದೇವೆ. ಮನೆಗಳು ಹೌದು, ಮಗಳೇ. ಆದರೆ ಮನುಷ್ಯರಲ್ಲ! ೧೮೩೮ರಲ್ಲಿ ಹದಿನೇಳನೇ ಮನೆಯ ಮುದಿ ಮೊತಿಕಾ ದಂಪತಿಗೆ ಮಕ್ಕಳಿರಲಿಲ್ಲ. ಆಚೆ ಊರಿನ ಬರ್ನಾ ಮನೆತನದ ತಬ್ಬಲಿ ಮರಿಯಾಳನ್ನು ಸಾಕಿದ್ದರು. ಅವಳನ್ನು ಮದುವೆಯಾಗಿ ಮನೆಯಳಿಯನಾಗಿ ಬಂದವನು ಇವಾನ್ ಕೋಪ್ಚಾ. ಮೊದಲ ಮಗುವಿನ ಜ್ಞಾನಸ್ನಾನಕ್ಕೆ ಪಾದ್ರಿ ಬರೆದದ್ದು "ಮೊತಿಕಾ ಮನೆಯಲ್ಲಿರುವ ಕೋಪ್ಚಾ". ಎರಡನೆಯದಕ್ಕೆ "ಕೋಪ್ಚಾ, ಅಂದರೆ ಮೊತಿಕಾ". ಮೂರನೆಯದಕ್ಕೆ ಬರೀ ಮೊತಿಕಾ. ಅಳಿಯ ಬಂದ, ಹೆಸರು ಅಳಿಯಿತು.

"ನೋಡು ನೋಡು, ಕೋಪ್ಚಾ ಆಗಿ ಒಳಗೆ ಹೋದೋನು ಗುದ್ದಲಿ ಆಗಿ ಹೊರಗೆ ಬಂದ!" ಎಂದು ತಾತ ಮೇಜು ಗುದ್ದಿದ. ನಮ್ಮೂರಲ್ಲಿ ಯಾರು ಯಾರ ಮನೆಯಲ್ಲಿ ಉಂಡರೋ ಅವರಿಗೆ ಆ ಮನೆಯದೇ ಹೆಸರು. ಅದು ನಿನ್ನ ಅಪ್ಪನಿಗೂ ಗೊತ್ತು, ಆದರೆ ತನಗೆ ಬೇಡವಾದಾಗ ಗೊತ್ತಿಲ್ಲ.

ಒಟ್ಟಿನಲ್ಲಿ ನಿನ್ನ ಹುಡುಗನ ಮೈಯಲ್ಲಿರುವುದು ಕೋಪ್ಚಾ ಮತ್ತು ಬರ್ನಾ ರಕ್ತ, ನಮ್ಮದು ಒಂದು ಹನಿಯೂ ಇಲ್ಲ. ಮೂರೂ ದಾಖಲೆಗಳನ್ನು ತಾತ ನಕಲು ಮಾಡಿ ಸಹಿ ಹಾಕಿದ್ದಾನೆ, ಜೊತೆಗಿಟ್ಟಿದ್ದೇನೆ. ಅಪ್ಪನ ಮುಂದೆ ಹಿಡಿ, ಆದರೆ ಗೆದ್ದೆ ಅಂತ ಬೀಗಬೇಡ. ಹಲ್ಲು ಕಾಣದ ಹಾಗೆ ನಗು. ಮದುವೆಯ ದಿನ ತಿಳಿಸು. ನಿನಗಾಗಿ ಅಗಸೆನಾರಿನ ಮೇಜುಬಟ್ಟೆ ನೇಯುತ್ತಿದ್ದೇನೆ, ಅಂಚು ಸ್ವಲ್ಪ ಸೊಟ್ಟ. ನೇಯ್ದವಳೂ ಹಾಗೇ.

ನಿನ್ನನ್ನು ತಬ್ಬಿಕೊಂಡು,
ಅತ್ತೆ ಎಫ್ರೋಸಿನಾ ಮೊತಿಕಾ

ಮರೆತಿದ್ದು: ಮದುವೆಗೆ ತೆಯೊದೊರನ ದೊಡ್ಡಪ್ಪ ಹರಸಿಂ ಬರುತ್ತಾನೆಯೇ? ಹೆಸರಿಗೆ ತಕ್ಕ ಹಾಗೆ ಹರಸಲಾದರೂ ಬರಬೇಕು. ನಲವತ್ತಾರರ ಬೇಸಿಗೆಯಲ್ಲಿ ಅವನು ನಮ್ಮ ಗೇಟಿನ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. "ನಾವು ಅಣ್ಣ ತಂಗಿ ಕಣೋ, ಜನ ಏನಂತಾರೆ, ಹೋಗು" ಎಂದು ಕಳಿಸಿದವಳು ನಾನು. ಆಗ ಚರ್ಚಿನ ಕಸ ಗುಡಿಸುತ್ತಿದ್ದವಳೂ ನಾನೇ. ಶನಿವಾರ ಶನಿವಾರ ಇದೇ ಪುಸ್ತಕದ ರಟ್ಟಿನ ಮೇಲಿನ ಧೂಳು ಒರೆಸಿದ್ದೇನೆ, ಒಂದು ಸಲವೂ ತೆರೆಯಲಿಲ್ಲ. ಅವನು ಒಂಟಿಯಾಗೇ ಇದ್ದಾನೆಂದು ನೀನು ಒಮ್ಮೆ ಬರೆದಿದ್ದೆ. ಈ ನಕಲನ್ನು ಅವನಿಗೆ ತೋರಿಸಬೇಡ. ಊಟಕ್ಕೆ ನನ್ನನ್ನು ಅವನ ಪಕ್ಕ ಕೂರಿಸು. ನಾನು ಅವನ ತಂಗಿಯಲ್ಲ ಎಂದು ನಾನೇ ಹೇಳಬೇಕು.