ಐದು ಗೇಣಿನ ಬಾಗಿಲು

ಸೆಪ್ಟೆಂಬರ್ ೧೪, ಭಾನುವಾರ

ಮೊಳೆಯ ಅಮ್ಮನಿಗೆ,

ಹೇಗಿದ್ದೀಯ? ಅಕ್ಕನ ಮನೆಯಲ್ಲಿ ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯ ತಾನೇ? ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬೈಯಲೇಬೇಕೆಂದರೆ ಪೂರ್ತಿ ಓದಿ ಆಮೇಲೆ ಬೈ. ಇಪ್ಪತ್ತು ವರ್ಷದಿಂದ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುವ ಬಡಗಿ ನಾನು, ಹಲಗೆಯ ಮೇಲೆ ಗೆರೆ ಎಳೆದದ್ದು ಬಿಟ್ಟರೆ ಅದರಲ್ಲಿ ನಾಲ್ಕು ಸಾಲು ಬರೆದವನಲ್ಲ. ಎಷ್ಟೋ ಸಲ ಕೂತು "ನಾನು ಕ್ಷೇಮ" ಎಂದು ಶುರು ಮಾಡಿದೆ. ಮೊದಲ ಸಾಲೇ ಸುಳ್ಳಾಯಿತಲ್ಲ ಎನ್ನಿಸಿ ಹರಿದು ಹಾಕಿದೆ.

ಒಂದು ಸುದ್ದಿ ಇದೆ. ಹಿತ್ತಲಲ್ಲಿ ಕೋಳಿಗೂಡು ಕಟ್ಟುತ್ತಿದ್ದೇನೆ.

ಇಷ್ಟು ಓದಿ ಕಾಗದ ಮಡಿಸಿ ಇಡಬೇಡ ಮಾರಾಯ್ತಿ. ನಮ್ಮ ಮೊಳೆ ಹೋಗಿ ಐದು ತಿಂಗಳಾದ ಮೇಲೆ ಯಾರಿಗಾಗಿ ಈ ಗೂಡು ಎಂದು ನೀನು ಕೇಳುತ್ತೀಯ, ನನಗೆ ಗೊತ್ತು. ಎರಡು ವರ್ಷ ನನ್ನ ಹಿಂದೆ ಮುಂದೆ ಸುತ್ತಿ ಕೇಳಿದಳು. ಊರವರ ಬಾಗಿಲು, ಕಿಟಕಿ, ಕಪಾಟು ಎಲ್ಲ ಆಯಿತು, ಮಗಳ ಗೂಡಿಗೆ ಮಾತ್ರ "ಬರೋ ಭಾನುವಾರ" ಎಂದೆ. ತೆಳ್ಳಗಿದ್ದರೂ ಹಿಡಿದ ಹಟ ಬಿಡದವಳೆಂದು ಮೊಳೆ ಎಂದು ಹೆಸರಿಟ್ಟವನು ನಾನೇ, ಆ ಹಟಕ್ಕೆ ಜಗ್ಗದೆ ಕೂತವನೂ ನಾನೇ.

ಆಸ್ಪತ್ರೆಯಲ್ಲಿ ಅವಳು ಮತ್ತೆ ಕೇಳಿದಾಗ "ಗೂಡು ಮುಗೀತು ಪುಟ್ಟಾ, ಬಣ್ಣ ಹೊಡೆಯೋದು ಅಷ್ಟೇ ಬಾಕಿ" ಎಂದುಬಿಟ್ಟೆ. ಇಪ್ಪತ್ತು ದಿನ ಅವಳ ಹಾಸಿಗೆ ಬಿಟ್ಟು ಕದಲದ ನೀನೂ ನಂಬಿದೆ. ಯಾವ ಕೋಳಿ ಎಲ್ಲಿ ಮಲಗಬೇಕೆಂದು ಇಬ್ಬರೂ ಕೂತು ತೀರ್ಮಾನಿಸುತ್ತಿದ್ದಿರಿ. ಕಟ್ಟಬಾರದೆಂದು ಅಲ್ಲ ಕಣೇ, ಆ ದಿನಗಳಲ್ಲಿ ಉಳಿ ಮುಟ್ಟಲೇ ಆಗುತ್ತಿರಲಿಲ್ಲ. ಕೆಲಸಕ್ಕೆ ಹೋಗುತ್ತೇನೆಂದು ಹೇಳಿ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತಿರುತ್ತಿದ್ದೆ. ಮಗಳಿಲ್ಲದೆ ಮನೆಗೆ ಬಂದ ದಿನ ನೀನು ನೆಟ್ಟಗೆ ಹಿತ್ತಲಿಗೆ ಹೋದೆ. ಅಲ್ಲಿ ಬಟ್ಟೆ ಒಗೆಯುವ ಕಲ್ಲು ಬಿಟ್ಟು ಏನೂ ಇರಲಿಲ್ಲ. ವಾರದ ಮೇಲೆ ಬ್ಯಾಗು ಹಿಡಿದು ಹೊಸ್ತಿಲು ದಾಟುವಾಗ ಹೇಳಿದೆ: "ಸಾಯೋ ಮಗೂಗೂ ಸುಳ್ಳು ಹೇಳಿದ್ರಲ್ಲ. ನಿಮ್ಮನ್ನ ಇನ್ನು ಯಾವ ವಿಷಯದಲ್ಲಿ ನಂಬಲಿ?"

ಗೂಡಿನ ವಿಷಯವನ್ನಷ್ಟೇ ಹೇಳಬಲ್ಲೆ.

ಹೋದ ತಿಂಗಳು ಅವಳ ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಕ್ಷೆ ಸಿಕ್ಕಿತು. ಉದ್ದ ಎಂಟು ಗೇಣು, ಅಗಲ ಐದು ಗೇಣು, ಬಾಗಿಲಿನ ಎತ್ತರ ಐದು ಗೇಣು. ಅಡ್ಡಕೋಲಿನ ಮೇಲೆ ನಾಲ್ಕು ಕೋಳಿ ಸಾಲಾಗಿ ಕೂತಿವೆ, ನಾಲ್ಕಕ್ಕೂ ಉದ್ದುದ್ದ ರೆಪ್ಪೆಗೂದಲು. ಮೊಟ್ಟೆ ಇಡುವ ಪೆಟ್ಟಿಗೆಯ ಪಕ್ಕದಲ್ಲಿ "ಇಲ್ಲಿ ಕತ್ತಲೆ ಇರಬೇಕು, ಕೋಳಿಗೆ ನಾಚಿಕೆ ಆಗುತ್ತೆ" ಎಂದು ಬರೆದಿದ್ದಾಳೆ. ಓದಿ ನಕ್ಕೆ. ಆಮೇಲೆ ತುಂಬಾ ಹೊತ್ತು ಅತ್ತೆ.

ಬೀದಿಯ ತುದಿಯಲ್ಲಿ ಕೋಳಿ ಸಾಕಿದ್ದಾರಲ್ಲ, ಆ ಅಜ್ಜಿಯನ್ನು ಕರೆತಂದು ಅರ್ಧ ಎದ್ದಿದ್ದ ಚೌಕಟ್ಟು ತೋರಿಸಿದೆ. ಅದನ್ನು ನೋಡಿ, "ಏನಪ್ಪಾ ಇದು, ಕೋಳಿಗೆ ಕಟ್ತಿದೀಯಾ ಇಲ್ಲ ನೀನೇ ಒಳಗೆ ಸಂಸಾರ ಹೂಡ್ತೀಯಾ?" ಎಂದರು. ಆಮೇಲೆ ಸೊಂಟಕ್ಕೆ ಕೈಯಿಟ್ಟುಕೊಂಡು ಒಂದೊಂದೇ ಹೇಳಿಕೊಟ್ಟರು. ಗೂಡು ನೆಲದಿಂದ ಮೊಣಕಾಲೆತ್ತರ ಇರಬೇಕಂತೆ. ಮುಂದೆ ಓಡಾಡಲು ಬಿಡುವ ಜಾಗಕ್ಕೆ ಸುತ್ತಲೂ ತಂತಿಜಾಲರಿ ಹಾಕಿ, ಅದನ್ನು ಒಂದು ಅಡಿ ಮಣ್ಣಿನೊಳಗೂ ಇಳಿಸಬೇಕಂತೆ. "ನಾಯಿ ಮೇಲಿಂದ ಬರಲ್ಲ, ಕೆಳಗಿಂದ ತೋಡ್ಕೊಂಡು ಬರುತ್ತೆ. ಮೇಲ್ಗಡೆ ಎಷ್ಟು ಕಾದ್ರೂ ಅಷ್ಟೇ." ಹೋಗುವಾಗ ನನ್ನ ಬೆನ್ನು ಸವರಿ ಹೋದರು.

ಚೌಕಟ್ಟು ನಿಂತ ಮೇಲೆ ತಪ್ಪು ಗೊತ್ತಾಯಿತು. ನಾನು ನನ್ನ ಗೇಣಿನಲ್ಲಿ ಅಳೆದಿದ್ದೆ. ನನ್ನದು ಒಂಬತ್ತು ಇಂಚು. ನಕ್ಷೆ ಬರೆದವಳು ಅವಳು, ಗೇಣೂ ಅವಳದೇ ತಾನೇ? ನಾಲ್ಕನೇ ಕ್ಲಾಸಿನ ಹುಡುಗಿಯ ಗೇಣು ಎಷ್ಟಿತ್ತು ಎಂದು ಇನ್ನು ಯಾರನ್ನು ಕೇಳಲಿ? ಆಗ ಆ ಹಲಗೆ ನೆನಪಾಯಿತು. ಗಿರಾಕಿಯ ಕಪಾಟಿಗೆ ವಾರ್ನಿಶ್ ಹಚ್ಚಿ ಒಣಗಲು ಇಟ್ಟಿದ್ದಾಗ ಬಂದು ಅಂಗೈ ಒತ್ತಿದ್ದಳಲ್ಲ, ನಾನು ಕೂಗಾಡಿದ್ದೆ, ನೀನು ಅವಳನ್ನು ಸೆರಗಿನ ಹಿಂದೆ ಬಚ್ಚಿಟ್ಟಿದ್ದೆ. ಮೂಲೆಯಲ್ಲಿ ಬಿಸಾಕಿದ್ದ ಹಲಗೆಯನ್ನು ಹುಡುಕಿ ತೆಗೆದು ಧೂಳು ಒರೆಸಿದೆ. ಐದೂ ಬೆರಳು ಅಗಲಿಸಿ ಒತ್ತಿದ್ದಾಳೆ. ಹೆಬ್ಬೆರಳಿನಿಂದ ಕಿರುಬೆರಳಿಗೆ ಟೇಪು ಹಿಡಿದೆ. ಆರು ಇಂಚು.

ಅವಳ ಗೇಣಿನ ಗೂಡಿನಲ್ಲಿ ಎರಡೇ ಕೋಳಿ ಹಿಡಿಯುತ್ತವೆ, ನಾಲ್ಕು ಬಿಟ್ಟರೆ ಒಂದನ್ನೊಂದು ಕುಕ್ಕಿ ಸಾಯಿಸುತ್ತವೆ ಎಂದರು ಅಜ್ಜಿ. ಅವಳಿಗೆ ನಾಲ್ಕು ಬೇಕಿತ್ತು. ಅದಕ್ಕೇ ಗೂಡನ್ನು ನನ್ನ ಗೇಣಿಗೇ ಬಿಟ್ಟೆ. ಬಾಗಿಲೊಂದನ್ನು ಮಾತ್ರ ಬಿಚ್ಚಿ ಅವಳ ಗೇಣಿನಲ್ಲಿ ಮತ್ತೆ ಮಾಡಿದೆ. ಈಗ ಗೂಡು ಗುಡಿಸಬೇಕಾದರೆ ನಾನು ಮೇಲೆ ಹತ್ತಿ ಮಂಡಿಯೂರಿ ಒಳಗೆ ತೆವಳಬೇಕು. ನಿನ್ನೆ ತಲೆಗೆ ಚೌಕಟ್ಟು ಬಡಿದು ಬುಗುಟೆ ಎದ್ದಿದೆ, ನೋಡಿದರೆ ನೀನು ನಗುತ್ತೀಯ. ಬಾಗಿಲನ್ನು ದೊಡ್ಡದು ಮಾಡಲು ಕೈ ಬರುವುದಿಲ್ಲ.

ಜಾಲರಿ ಹೂಳುವುದು ಬಾಕಿ ಇದೆ. ಒಬ್ಬರು ಎಳೆದು ಹಿಡಿದರೆ ಇನ್ನೊಬ್ಬರು ಮೊಳೆ ಹೊಡೆಯಬೇಕು, ಒಬ್ಬನಿಂದ ಆಗುವ ಕೆಲಸವಲ್ಲ. ಕೋಳಿಗಳನ್ನು ಇನ್ನೂ ತಂದಿಲ್ಲ. ನೀನು ಬಂದು ಒಂದು ಸಲ ನೋಡು. ಇರು ಎಂದು ಬಲವಂತ ಮಾಡುವುದಿಲ್ಲ. ಗೂಡು ನಿಜವಾಗಿ ಇದೆಯೋ ಇಲ್ಲವೋ, ನಿನ್ನ ಕಣ್ಣಾರೆ ನೋಡಿಕೊಂಡು ಹೋಗು, ಅಷ್ಟು ಸಾಕು.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು. ರಾತ್ರಿ ನಿದ್ದೆ ಬರುತ್ತಿಲ್ಲವೆಂದು ನೀನು ಬರೆದಿದ್ದೆ, ನಿನಗೆ ನಿದ್ದೆ ಬರಲಿ. ಎಲ್ಲಿದ್ದರೂ ನಿನ್ನ ಮನಸ್ಸು ತಣ್ಣಗಿರಲಿ.

ನಿನ್ನವನೇ ಆದ,
ಮೊಳೆಯ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಂದೆ. ನಾನು ಸುಳ್ಳು ಹೇಳಿದ ದಿನ ನೀನು ನೀರು ತುಂಬಿಸಿಕೊಂಡು ಬರಲು ಹೊರಗೆ ಹೋದೆಯಲ್ಲ, ಆಗ ಅವಳು ನನ್ನ ಕೈ ಎಳೆದುಕೊಂಡು ಮೂಸಿ ನೋಡಿದಳು. "ಅಪ್ಪಾ, ನಿನ್ನ ಕೈಯಲ್ಲಿ ಬರೀ ಸೋಪಿನ ವಾಸನೆ. ಮರದ ವಾಸನೆಯೇ ಇಲ್ಲ" ಎಂದಳು. ನಾನು ತಲೆ ತಗ್ಗಿಸಿದೆ. "ಅಮ್ಮಂಗೆ ಹೇಳ್ಬೇಡ. ಗೂಡು ಆಗಿದೆ ಅಂತ ಅವಳು ಖುಷಿಯಾಗಿದಾಳೆ. ಪ್ರಾಮಿಸ್ ಮಾಡು" ಎಂದಳು. ಮಾಡಿದೆ. ಆಮೇಲೆ ಅಷ್ಟು ದಿನವೂ ಅವಳು ನಿನ್ನ ಜೊತೆ ಕೋಳಿ ಮಲಗಿಸಿದ್ದು ನಿನಗೋಸ್ಕರ ಕಣೇ. ಅವಳಿಗೆ ಕೊಟ್ಟ ಮಾತುಗಳಲ್ಲಿ ನಾನು ಉಳಿಸಿಕೊಂಡಿದ್ದು ಇದೊಂದನ್ನೇ. ಇವತ್ತು ಅದನ್ನೂ ಮುರಿದೆ.