ಏಳನೆಯ ಬೋಲ್ಟು

ಅಪ್ಪಾ,

ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ಸಿಟ್ಟು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾರಿನ ವಾಟರ್ ಪಂಪ್ ಸೋರುತ್ತಿತ್ತು. ಗ್ಯಾರೇಜಿನವನು ಹೇಳಿದ ರೇಟು ಕೇಳಿ ತಲೆ ತಿರುಗಿತು. ಹೊಸ ಪಂಪ್ ತಂದು, ಹಳೆಯದನ್ನು ನಾನೇ ಬಿಚ್ಚಿದೆ. ಏಳು ಬೋಲ್ಟು. ಪ್ರತಿಯೊಂದರ ಕುತ್ತಿಗೆಗೂ ಎಣ್ಣೆ ಕುಡಿದ ದಾರ ಸುತ್ತಿತ್ತು. ಕೊಳೆ ಎಂದುಕೊಂಡು ಕಿತ್ತು ಬಿಸಾಡಿ, ಸೀಮೆಎಣ್ಣೆಯಲ್ಲಿ ತೊಳೆದು ಫಳಫಳ ಮಾಡಿದೆ. ಆಮೇಲೆ ನೋಡಿದರೆ ಒಂದೊಂದರ ಉದ್ದ ಒಂದೊಂದು! ಆಗ ಹೊಳೆಯಿತು, ಯಾವುದು ಯಾವ ತೂತಿಗೆ ಎಂದು ನೀವು ಅಮ್ಮನ ಹೊಲಿಗೆ ಡಬ್ಬಿಯಿಂದ ಬಣ್ಣ ಬಣ್ಣದ ದಾರ ತೆಗೆದು ಗುರುತು ಮಾಡಿದ್ದಿರಿ. ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಎರಡು ಭಾನುವಾರ ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡೇ ಕಳೆದೆ. ಬೆರಳ ಗೆಣ್ಣೆಲ್ಲ ಸುಲಿದಿದೆ. ನಿಮ್ಮ ಅಳಿಯ ಟಾರ್ಚ್ ಹಿಡಿದು ನಿಂತು, "ಸ್ವಲ್ಪ ಬಲ ಹಾಕಿ ತಿರುಗಿಸು ಮಾರಾಯ್ತಿ" ಅನ್ನುತ್ತಾರೆ. ಸ್ಪ್ಯಾನರನ್ನು ಅವರ ತಲೆಗೇ ಹಾಕೋಣ ಎನಿಸಿತು. ಆರು ಹೇಗೋ ಕೂತವು. ಏಳನೆಯದು ಬೆರಳಗಲ ಹೊರಗೇ ನಿಂತಿತು, ಅಂದರೆ ಆ ಆರರಲ್ಲೂ ಯಾವುದೋ ತಪ್ಪು ತೂತಿನಲ್ಲಿದೆ.

"ನಿಮ್ಮ ಕೈ ನಡುಗುತ್ತೆ, ಇನ್ಮೇಲೆ ಕಾರು ಮುಟ್ಟಬೇಡಿ" ಅಂದವಳು ನಾನೇ. ಅವತ್ತೇ ನೀವು ಚೀಲ ಎತ್ತಿಕೊಂಡು ಅಣ್ಣನ ಮನೆಗೆ ಹೊರಟಿರಿ. ದಾರದ ವಿಷಯ ಹೇಳುವುದಕ್ಕೆ ನಾನೆಲ್ಲಿ ಬಿಟ್ಟೆ?

ಆ ಬೋಲ್ಟನ್ನು ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಯಾವ ತೂತಿನದು ಎಂದು ಬರೆದು ವಾಪಸ್ ಕಳಿಸಬೇಡಿ, ನೀವೇ ತನ್ನಿ. ದಾರದ ಡಬ್ಬಿ ತೆಗೆದಿಟ್ಟಿದ್ದೇನೆ. ಸ್ಪ್ಯಾನರ್ ನಾನು ಹಿಡಿಯುತ್ತೇನೆ, ನೀವು ಪಕ್ಕದಲ್ಲಿ ಕೂತು ಬೆರಳು ತೋರಿಸಿ ಬೈದರೆ ಸಾಕು. ಬೆರಳು ನಡುಗಿದರೂ ಪರವಾಗಿಲ್ಲ.

ನಿಮ್ಮದೇ ಮೊಂಡುತನದ
ಮಗಳು