ಮೇಲಿನ ಬರ್ತ್ ಬೇಡ ಎಂದ ಅಮ್ಮನಿಗೆ

ತೊಂಗ್‌ಝೌ, ಬೀಜಿಂಗ್
ನವೆಂಬರ್ ೪, ಶನಿವಾರ

ಅಮ್ಮಾ,

ಯೂಲಾನ್ ಬರೆಯುತ್ತಿದ್ದೇನೆ. ನೀನು ಕೇಳಿದಂತೆ ಬಾಯಲ್ಲಿ ಹೇಳದೆ ಕಾಗದದ ಮೇಲೆ. ದೊಡ್ಡ ಅಕ್ಷರದಲ್ಲೇ ಬರೆಯುತ್ತೇನೆ, ಕನ್ನಡಕ ಹುಡುಕುವ ನೆಪ ಹೇಳಿ ಪಕ್ಕದ ಮನೆಯ ಗೆಂಗ್ ಚಿಕ್ಕಮ್ಮನ ಕೈಲಿ ಓದಿಸಬೇಡ. ಅವರು ಓದಿದರೆ ಸಂಜೆಯೊಳಗೆ ಗಲ್ಲಿಯೆಲ್ಲ ಓದಿದಂತೆ.

ಮೊನ್ನೆ ಪೇರಳೆ ಹಣ್ಣು ಹಿಡಿದು ನಿನ್ನ ಬಾಗಿಲಿಗೆ ಬಂದಾಗ ಗೆಂಗ್ ಚಿಕ್ಕಮ್ಮ ಅಡ್ಡ ನಿಂತು, "ಒಳಗೇ ಇದಾಳೆ ಕಣೇ. ಇಲ್ಲ ಅಂತ ಹೇಳು ಅಂದಿದಾಳೆ" ಎಂದರು. ನಾನು ಅವರ ಹತ್ತಿರವೇ, "ಅಮ್ಮನ್ನ ಪ್ರವಾಸಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಹೇಳಿ ಚಿಕ್ಕಮ್ಮ" ಎಂದೆ. ಆಗ ಗೋಡೆಯಾಚೆಯಿಂದ ನಿನ್ನ ದನಿ ಬಂತು. "ಅವಳ ಬಾಯಿಮಾತು ಏನೂಂತ ನನಗೆ ಗೊತ್ತಾಗಿದೆ, ಬೇಡ ಅನ್ನು. ಹೋದ್ರೆ ಏನೇನಿರುತ್ತೆ ಅಂತ ಬರ್ಕೊಡ್ಲಿ. ಓದಿ ನೋಡಿ ಹೇಳ್ತೀನಿ. ಮೇಲ್ಗಡೆ ಬರ್ತ್ ಆದ್ರೆ ಬರಲ್ಲ ಅಂತಾನೂ ಹೇಳು." ಹಣ್ಣಿನ ಚೀಲ ಹೊಸ್ತಿಲ ಮೇಲಿಟ್ಟು ಹೊರಟುಬಿಟ್ಟೆ. ಗಲ್ಲಿಯ ತುದಿಗೆ ಬಂದ ಮೇಲೆ ನಗು ಬಂತು. ಬರ್ತಿನ ಮಾತೆತ್ತಿದೆ ಎಂದರೆ ಬರುವ ಮನಸ್ಸಿದೆ ಎಂದಾಯಿತಲ್ಲ.

ಹೇಗಿರುತ್ತದೆ ಎಂದು ಕೇಳಿದ್ದೀಯ. ನಾನು ಕರೆದೊಯ್ಯುವ ವಿದೇಶಿ ಪ್ರವಾಸಿಗರ ಪ್ರತಿ ಗುಂಪಿಗೂ ಮೊದಲ ಸಂಜೆ ಹೋಟೆಲಿನಲ್ಲಿ ಕೂರಿಸಿಕೊಂಡು ಇದನ್ನೇ ಹೇಳುತ್ತೇನೆ. ಹೇಳಿ ಹೇಳಿ ಆ ಮಾತುಗಳಲ್ಲಿ ರುಚಿಯೇ ಉಳಿದಿಲ್ಲ. ಬೆಳಗ್ಗೆ ಬೇಗ ಏಳಬೇಕು. ಪೆಟ್ಟಿಗೆ ಬಾಗಿಲ ಹೊರಗಿಡಬೇಕು. ಎಲ್ಲಿ ಹೋದರೂ ಜನ, ಜನ. ಮಹಾಗೋಡೆಯ ಮೆಟ್ಟಿಲು ಒಂದು ಎತ್ತರ ಇದ್ದರೆ ಇನ್ನೊಂದು ಗಿಡ್ಡ, ಹಾಗಾಗಿ ಮೊಣಕಾಲು ಮೊದಲು ಸೋಲುತ್ತದೆ. ಶಿಯಾನ್‌ನ ಮಣ್ಣಿನ ಸೈನಿಕರನ್ನು ನೋಡಲು ಹೋದವರು ಮುಂದಿನವರ ಬೆನ್ನನ್ನೂ ಎತ್ತಿ ಹಿಡಿದ ಫೋನನ್ನೂ ನೋಡಿ ಬರುತ್ತಾರೆ. ಊಟಕ್ಕೆ ತಿರುಗುವ ಮೇಜು. ತನಗೆ ಬೇಕಾದ ತಟ್ಟೆ ಬರುವಷ್ಟರಲ್ಲಿ ಯಾರೋ ಮೇಜನ್ನು ಆ ಕಡೆ ತಿರುಗಿಸಿರುತ್ತಾರೆ. ಕುಡಿಯಲು ಬಿಸಿನೀರು ಕೊಟ್ಟರೆ ವಿದೇಶಿಯರು ಕಾಯಿಲೆಯವರನ್ನು ನೋಡಿದಂತೆ ನಮ್ಮನ್ನು ನೋಡುತ್ತಾರೆ. ನಿನಗೆ ಆ ತೊಂದರೆ ಇಲ್ಲ. ಕುಕ್ಕರುಗಾಲಿನ ಪಾಯಿಖಾನೆಯ ಬಗ್ಗೆ ಅವರಿಗೆ ಬಿಡಿಸಿ ಹೇಳಬೇಕು, ನಿನಗೆ ಅದೂ ಬೇಡ. ರೇಷ್ಮೆ ಅಂಗಡಿಗೆ ಕರೆದೊಯ್ದು ಕೂರಿಸುತ್ತಾರೆ. ಏನೂ ಕೊಳ್ಳಬೇಕಾಗಿಲ್ಲ, ಕೂತು ಕಾಲು ಚಾಚಿಕೊಂಡರೆ ಸಾಕು.

ಗುಂಪು ಚಿಕ್ಕದಾದಷ್ಟೂ ಕಷ್ಟ ಅಮ್ಮ. ದೊಡ್ಡ ಗುಂಪಿನಲ್ಲಿ ಜನ ಒಬ್ಬರಿಂದೊಬ್ಬರು ತಪ್ಪಿಸಿಕೊಳ್ಳಬಹುದು. ಹನ್ನೆರಡು ಜನರಲ್ಲಿ ಅದಾಗುವುದಿಲ್ಲ. ಮೊದಲೆರಡು ದಿನ ಎಲ್ಲರೂ ನಗುತ್ತಾರೆ. ಆಮೇಲೆ ಬಸ್ಸಿನ ಕಿಟಕಿ ಸೀಟಿಗಾಗಿ ಮುಖ ಊದಿಸುತ್ತಾರೆ, ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಆಗುವುದಿಲ್ಲ. ನಾನು ಬಾವುಟ ಎತ್ತಿ ಮುಂದೆ ನಡೆಯುತ್ತ ತಲೆ ಎಣಿಸುತ್ತೇನೆ. ನಗುತ್ತೇನೆ. ರಾತ್ರಿ ಹಲ್ಲುಜ್ಜುವಾಗ ಕೆನ್ನೆ ನೋಯುತ್ತದೆ. ಶಾಂಘೈ ವಿಮಾನ ನಿಲ್ದಾಣದಲ್ಲಿ ತಬ್ಬಿಕೊಂಡು ಅಳುತ್ತಾರೆ, ಮತ್ತೆ ಬರುತ್ತೇವೆ ಎನ್ನುತ್ತಾರೆ. ಯಾರೂ ಬಂದದ್ದಿಲ್ಲ. ಬರಬೇಕೆಂದು ನನಗೂ ಅನ್ನಿಸುವುದಿಲ್ಲ. ಮರುದಿನ ಇನ್ನೊಂದು ಗುಂಪಿಗೆ ಅದೇ ಮಾತು ಹೇಳಬೇಕಲ್ಲ ಎಂಬುದಷ್ಟೇ ತಲೆಯಲ್ಲಿರುತ್ತದೆ.

ಪ್ರವಾಸದ ಎರಡನೇ ದಿನದ ಮಧ್ಯಾಹ್ನ ನಿನಗೇ ಗೊತ್ತು. "ಹಳೇ ಬೀಜಿಂಗಿನ ಮನೆಯಲ್ಲಿ ಅಜ್ಜಿಯೊಡನೆ ಕಡುಬು." ನಮ್ಮ ಪ್ರವಾಸ ಕಂಪನಿಯವರು ಗಲ್ಲಿಯ ಸಮಿತಿಯನ್ನು ಕೇಳಿ ನಿನ್ನನ್ನು ಗೊತ್ತು ಮಾಡಿದಾಗ ಆ ಅಜ್ಜಿ ನನ್ನ ತಾಯಿ ಎಂದು ಅವರಿಗೆ ತಿಳಿದಿರಲಿಲ್ಲ. ನಾನೂ ಹೇಳಲಿಲ್ಲ. ಆಗ ನಾವಿಬ್ಬರೂ ಮಾತು ಬಿಟ್ಟು ತಿಂಗಳುಗಳಾಗಿದ್ದವು. ನಾನು ಬಿಟ್ಟುಬಂದ ದೇಮಿಂಗ್‌ಗೆ ನೀನು ಹೊಸವರ್ಷದ ಕಡುಬು ಕಳಿಸಿದೆ ಎಂದು ನಾನು ಗೇಟಿನಲ್ಲಿ ನಿಂತು ಕೂಗಾಡಿದ್ದು, "ಗಂಡ ನಿನಗೆ ಬೇಡವಾದ, ಅಳಿಯ ನನಗೆ ಬೇಡ ಅಂದೋರು ಯಾರು?" ಎಂದು ನೀನು ತಿರುಗಿ ಕೂಗಿದ್ದು ಗಲ್ಲಿಗೆಲ್ಲ ನೆನಪಿದೆ. ಹಾಗಾಗಿ ವಿದೇಶಿಯರನ್ನು ಕರೆದುಕೊಂಡು ಬಂದಾಗ ಮಾತ್ರ ನಮ್ಮಿಬ್ಬರ ಭೇಟಿ. ನೀನು ಅವರ ಮುಖ ನೋಡಿ ನನಗೆ ಹೇಳುತ್ತಿದ್ದೆ. ನಾನು ನಿನ್ನ ಮುಖ ನೋಡದೆ ಅವರಿಗೆ ಹೇಳುತ್ತಿದ್ದೆ.

ಸೆಪ್ಟೆಂಬರಿನ ಆ ಗುಂಪಿನ ದಿನ ನಡೆದದ್ದರಲ್ಲಿ ಅರ್ಧ ನಿನಗೆ ಗೊತ್ತಿಲ್ಲ, ಇಂಗ್ಲಿಷಿನ ಅರ್ಧ. ಅದನ್ನು ಬರೆಯದೆ ಪ್ರವಾಸದ ಮಾತು ಮುಂದುವರಿಸುವುದು ಸರಿಯಲ್ಲ.

ಕೆನಡಾದ ಆ ದಪ್ಪ ಮನುಷ್ಯ, ವೆಂಡೆಲ್, ಹಿಟ್ಟು ನಾದುತ್ತಿದ್ದ. ನೀನು, "ಈ ಪುಣ್ಯಾತ್ಮ ಹಿಟ್ಟು ನಾದ್ತಾ ಇದಾನೋ, ಇಲಿ ಸಾಯಿಸ್ತಾ ಇದಾನೋ?" ಎಂದೆ. ನಿಮ್ಮ ಕೈಯಲ್ಲಿ ಒಳ್ಳೆಯ ಬಲವಿದೆ ಎನ್ನುತ್ತಾರೆ ಅಜ್ಜಿ ಎಂದು ನಾನು ಹೇಳಿದೆ. ಅವನು ಹಿಗ್ಗಿ ಇನ್ನಷ್ಟು ಗುದ್ದಿದ. ನೀನು ಬೆಳ್ಳುಳ್ಳಿ ಸೊಪ್ಪು ಹೆಚ್ಚುತ್ತ, "ಊರೋರ ಮುಂದೆಲ್ಲ ಹಲ್ಲು ಕಿರೀತಾಳೆ, ನನ್ನ ಕಡೆ ತಿರುಗಿದ್ರೆ ಮುಖ ಗಂಟು" ಎಂದೆ. ನೀವು ಬಂದದ್ದು ಅಜ್ಜಿಗೆ ಸಂತೋಷವಾಗಿದೆ ಎಂದು ನಾನು ಅವರಿಗೆ ಹೇಳಿದೆ. ಅಪ್ಪ ತೀರಿಕೊಂಡ ಚಳಿಗಾಲದಲ್ಲಿ ಒಲೆ ಹಚ್ಚಲೂ ಮನಸ್ಸಾಗದೆ ತಣ್ಣಗಿನ ಬನ್ನು ತಿಂದುಕೊಂಡು ಬಿದ್ದಿದ್ದೆ ಎಂದು ನೀನು ಹೇಳಿದೆ. ಅವರ ಯಜಮಾನರಿಗೆ ಈ ಕಡುಬು ಬಹಳ ಇಷ್ಟವಿತ್ತು ಎಂದೆ ನಾನು.

ಕೊನೆಗೆ ಲಟ್ಟಣಿಗೆ ಕೆಳಗಿಟ್ಟು ನೀನು ಹೇಳಿದ್ದು: "ಇವಳು ಜಗತ್ತಿನೋರಿಗೆಲ್ಲ ದೇಶ ತೋರಿಸ್ತಾಳೆ. ನಾನು ಕೈಗವಸಿನ ಕಾರ್ಖಾನೆಯೋರ ಜೊತೆ ಇಲ್ಲೇ ಪಕ್ಕದ ತಿಯಾಂಜಿನ್‌ಗೆ ಹೋಗಿದ್ದೇ ಕೊನೆ. ಬಾ ಅಮ್ಮ ಅಂತ ಬಾಯ್ಮಾತಿಗೂ ಕರೀಲಿಲ್ಲ."

ನಮ್ಮ ದೇಶ ದೊಡ್ಡದು, ಚೆನ್ನಾಗಿ ನೋಡಿಕೊಂಡು ಹೋಗಿ ಎನ್ನುತ್ತಿದ್ದಾರೆ ಎಂದೆ ನಾನು.

ಆಗಲೇ ಡೊರೀನ್ ಮಾತಾಡಿದ್ದು. ಮೇಜಿನ ಆ ತುದಿಯಲ್ಲಿ ತೆಪ್ಪಗೆ ಕಡುಬಿನ ಅಂಚು ಮಡಿಸುತ್ತಿದ್ದ ಆಸ್ಟ್ರೇಲಿಯದ ಆ ಮುದುಕಿ. ವಯಸ್ಸಿನಲ್ಲಿದ್ದಾಗ ತೈವಾನಿನ ತೈನಾನ್‌ನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರಂತೆ. ನಮ್ಮ ಭಾಷೆ ಬರುತ್ತದೆಂದು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. "ಅಕ್ಕಾ, ನೀವು ಹೇಳಿದ್ದನ್ನ ಇವಳು ಹೇಳ್ಲಿಲ್ಲ" ಎಂದರು, ಹಳೇಕಾಲದ ಉಚ್ಚಾರದಲ್ಲಿ.

ನಿನ್ನ ಮುಖ ಅರಳಿದ್ದನ್ನು ನೋಡಿದೆ. "ಅಯ್ಯೋ, ನಿಮಗೆ ನಮ್ಮ ಮಾತು ಬರುತ್ತಾ?" ಎಂದು ಹಿಟ್ಟಿನ ಕೈಯಲ್ಲೇ ಅವರ ಕೈ ಹಿಡಿದೆ. ಆಮೇಲೆ ಅವರು ಹೇಳಿದ್ದರ ಅರ್ಥ ನಿನಗೆ ಇಳಿಯಿತು. ಯಾವುದನ್ನು ಹೇಳಲಿಲ್ಲ, ಒಲೆಯದ್ದನ್ನಾ ಎಂದು ಕೇಳಿದೆ. ಡೊರೀನ್ ಹೌದೆಂದು ತಲೆಯಾಡಿಸಿದರು. ನೀನು ನನ್ನ ಕಡೆ ತಿರುಗಿದೆ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. "ಹಾಗಾದ್ರೆ ವಸಂತದಲ್ಲಿ ಬಂದಿದ್ದ ಆ ಬಿಳಿಕೂದಲಿನವಳು ನಾನು ಇದನ್ನೇ ಹೇಳಿದಾಗ ನನ್ನ ಕೈ ಹಿಡ್ಕೊಂಡು ಅತ್ತಂಗೆ ಮಾಡಿದ್ಲಲ್ಲ, ಅದ್ಯಾತಕ್ಕೆ? ಕಡುಬು ಚೆನ್ನಾಗಿದೆ ಅಂತಾನಾ?"

 ನೀನು ಕೈಯ ಹಿಟ್ಟು ಒರೆಸಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನಾವು ನೋಡದೇ ಇದ್ದಾಗ ಕಡುಬು ಹೆಚ್ಚು ಬೆಂದು ಒಡೆದು, ಹೂರಣವೆಲ್ಲ ನೀರಿಗೆ ಬಿದ್ದಿತ್ತು. ಅದನ್ನೇ ಬಡಿಸಿದೆ. ಹನ್ನೆರಡು ಜನರೂ ತಿಂದರು. ಹೊರಡುವಾಗ ಡೊರೀನ್ ನಿನ್ನ ಬಾಗಿಲು ತಟ್ಟಿದರು, ನೀನು ತೆರೆದೆ. ಒಳಗೆ ನೀವಿಬ್ಬರೂ ಏನು ಮಾತಾಡಿಕೊಂಡಿರೋ ಗೊತ್ತಿಲ್ಲ. ಪ್ರವಾಸ ಮುಗಿಯುವವರೆಗೂ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಸ್ಸಿನಲ್ಲಿ ಎಲ್ಲರೂ ಏನಾಯಿತು ಎಂದು ಕೇಳಿದರು. ಅಜ್ಜಿಗೆ ತಲೆನೋವು ಎಂದೆ. ಡೊರೀನ್ ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ಮರುದಿನ ಶಿಯಾನ್ ರೈಲಿನಲ್ಲಿ, ಎಲ್ಲರೂ ನೂಡಲ್ಸ್ ಡಬ್ಬಿಗೆ ಬಿಸಿನೀರು ಹಾಕಿಕೊಂಡು ಕೂತಿದ್ದಾಗ, ನನಗೆ ಸಾಕಾಗಿಹೋಯಿತು. ಆ ಅಜ್ಜಿ ನನ್ನ ತಾಯಿ ಎಂದೆ. ನೀನು ಅಂದಿದ್ದನ್ನೆಲ್ಲ ಮೊದಲಿನಿಂದ ಇದ್ದದ್ದು ಇದ್ದಂತೆ ಹೇಳಿದೆ. ಇಲಿಯ ಮಾತಿಗೆ ವೆಂಡೆಲ್ ನೂಡಲ್ಸ್ ನೆತ್ತಿಗೇರುವಷ್ಟು ನಕ್ಕ. ಒಲೆಯ ಮಾತು ಬಂದಾಗ ಎಲ್ಲರೂ ತಿನ್ನುವುದನ್ನು ನಿಲ್ಲಿಸಿದರು. ಡಬ್ಬಿಗಳು ತಣ್ಣಗಾದವು. ಆಮೇಲೆ, ಅಲ್ಲಿಯವರೆಗೆ ದಿನಾ ಬೆಳಗ್ಗೆ ಬ್ರೆಡ್ಡು ಸರಿಯಿಲ್ಲ ಎಂದು ನನ್ನ ಜೀವ ತಿನ್ನುತ್ತಿದ್ದ ಅದೇ ವೆಂಡೆಲ್ ಕೇಳಿದ: "ಅಲ್ಲಮ್ಮಾ, ಪ್ರವಾಸದಲ್ಲಿ ಹೀಗಿರುತ್ತೆ ಹಾಗಿರುತ್ತೆ ಅಂತ ನಮಗೆ ಅಷ್ಟೊತ್ತು ಕೊರೆದ್ಯಲ್ಲ, ನಿಮ್ಮಮ್ಮನ್ನ ಕೂರಿಸ್ಕೊಂಡು ಒಂದ್ ಸಲ ಹೇಳೋಕೆ ಏನಾಗಿತ್ತು ನಿನಗೆ?"

ಏನಾಗಿತ್ತು ಎಂದು ನನಗೇ ಗೊತ್ತಿಲ್ಲ ಅಮ್ಮ. ಸುಸ್ತಾಗಿತ್ತು ಎಂದೆ. ಅದು ಸುಳ್ಳಲ್ಲ. ದೇಶ ತೋರಿಸಿ ಮನೆಗೆ ಬಂದವಳಿಗೆ ಯಾವ ಊರಿನ ಹೆಸರು ಕೇಳಿದರೂ ಕಾಲು ನೋಯುತ್ತದೆ. ನಿನ್ನನ್ನು ಎಲ್ಲಿಗಾದರೂ ಕರೆದೊಯ್ಯುವುದೆಂದರೆ ಇನ್ನೊಂದು ದಿನದ ಕೆಲಸ ಎಂದೇ ಅನ್ನಿಸುತ್ತಿತ್ತು. ಹೀಗೆ ಬರೆದರೆ ನಿನಗೆ ನೋವಾಗುತ್ತದೆ ಎಂದು ಗೊತ್ತು. ಆದರೂ ಚಂದ ಮಾಡಿ ಬರೆದರೆ ನೀನು ಕಾಗದ ಕೇಳಿದ್ದಕ್ಕೆ ಅರ್ಥವಿರುವುದಿಲ್ಲ.

ಹಿಂತಿರುಗಿ ಬಂದಾಗ ಕಂಪನಿಯ ಹುಡುಗಿ ಫೋನ್ ಮಾಡಿ, ಆ ಅಜ್ಜಿ ಇನ್ನು ಗುಂಪುಗಳನ್ನು ಕರೆತರಬೇಡಿ ಎಂದಿದ್ದಾರೆ, ಪಕ್ಕದ ಬೀದಿಯಲ್ಲಿ ಬೇರೆ ಮನೆ ಗೊತ್ತುಮಾಡಿದ್ದೇವೆ ಎಂದಳು. ಸರಿ ಎಂದೆ. ಅಕ್ಟೋಬರಿನ ಗುಂಪನ್ನು ಅಲ್ಲಿಗೇ ಕರೆದೊಯ್ದೆ. ಆ ಮನೆಯಾಕೆ ಒಳ್ಳೆಯವರು. ಬಾಯಿಪಾಠ ಮಾಡಿದಂತೆ ಸ್ವಾಗತ, ಸುಸ್ವಾಗತ ಎನ್ನುತ್ತಾರೆ. ಯಾರ ಹಿಟ್ಟನ್ನೂ ಬೈಯುವುದಿಲ್ಲ. ಅವರು ಹೇಳಿದ್ದನ್ನೇ ನಾನು ಇಂಗ್ಲಿಷಿನಲ್ಲಿ ಹೇಳಿದೆ, ಒಂದು ಮಾತೂ ಬದಲಿಸುವ ಅಗತ್ಯ ಬೀಳಲಿಲ್ಲ. ಮಧ್ಯಾಹ್ನ ಅಷ್ಟು ಉದ್ದವಿರುತ್ತದೆಂದು ಮೊದಲ ಸಲ ಗೊತ್ತಾಯಿತು. ಊಟವಾದ ಮೇಲೆ ಗುಂಪನ್ನು ಡ್ರಮ್ ಗೋಪುರ ಹತ್ತಲು ಬಿಟ್ಟು ನಿನ್ನ ಗಲ್ಲಿಯ ಬಾಯಿಗೆ ಬಂದು ನಿಂತಿದ್ದೆ. ಬರಲು ಯಾವ ಕಾರಣವೂ ಇರಲಿಲ್ಲ. ಒಳಗೆ ಬರಲಿಲ್ಲ. ನೀನು ಯಾರಿಗೋ, "ಎಲೆಕೋಸು ಒಳಗೆ ಕೊಳೆತಿದೆ, ಮೇಲೆ ಮಾತ್ರ ತೊಳೆದು ತಂದಿದೀಯ" ಎಂದು ಗದರುತ್ತಿದ್ದದ್ದು ಕೇಳಿಸಿತು. ಗುಂಪಿನವರು ಗೋಪುರ ಇಳಿದು ನನ್ನನ್ನು ಹುಡುಕುವವರೆಗೂ ಅಲ್ಲೇ ನಿಂತಿದ್ದೆ.

ಪೇರಳೆ ಹಿಡಿದು ಬಂದದ್ದು ಅದಾದ ಮೇಲೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಇದೇ ಹದಿನೆಂಟಕ್ಕೆ ಹೊರಡುವುದು. ಮೊದಲು ಶಿಯಾನ್, ಅಲ್ಲಿಂದ ಗುಯಿಲಿನ್. ನದಿಯ ಇಕ್ಕೆಲದಲ್ಲೂ ಬೆಟ್ಟಗಳಿರುತ್ತವೆ. ಮಂಜಿದ್ದರೆ ಏನೂ ಕಾಣುವುದಿಲ್ಲ, ಆಗ ದೋಣಿಯವನನ್ನು ಬೈಯಬೇಡ. ಅಲ್ಲಿನ ಅಕ್ಕಿ ಶಾವಿಗೆ ನಿನಗೆ ಸಪ್ಪೆ ಎನಿಸುತ್ತದೆ, ಮನೆಯಿಂದ ವಿನೆಗರ್ ತಂದುಕೋ. ಕಪ್ಪು ಬೂಟು ಬೇಡ, ಬಟ್ಟೆಯ ಷೂ ಸಾಕು. ಅಪ್ಪನ ಕೋಟು ಹಾಕಿಕೊಂಡರೂ ಪರವಾಗಿಲ್ಲ. ಮೂರನೇ ದಿನ ನಿನಗೆ ಸಿಟ್ಟು ಬರುತ್ತದೆ, ಎಲ್ಲರಿಗೂ ಬರುತ್ತದೆ. ಮನೆಗೆ ಹೋಗಬೇಕು ಎನಿಸುತ್ತದೆ. ನನಗೂ ಎನಿಸುತ್ತದೆ. ನಾನು ಬಾವುಟ ಹಿಡಿದು ವೇಗವಾಗಿ ನಡೆಯುವುದು ಅಭ್ಯಾಸವಾಗಿಬಿಟ್ಟಿದೆ. ಹಿಂದಿನಿಂದ ಗದರು, ನಿಲ್ಲುತ್ತೇನೆ.

ದೇಮಿಂಗ್‌ಗೆ ಈ ಸಲವೂ ಹೊಸವರ್ಷಕ್ಕೆ ಕಡುಬು ಕಳಿಸುವುದಿದ್ದರೆ ಕಳಿಸು. ನನ್ನೆದುರು ಕಟ್ಟಿಡಬೇಡ, ಅಷ್ಟೇ.

ಬರುವುದಾದರೆ ಗೆಂಗ್ ಚಿಕ್ಕಮ್ಮನ ಕೈಲಿ ಫೋನ್ ಮಾಡಿಸು. ಬರುವುದಿಲ್ಲವಾದರೆ ನೀನೇ ಮಾಡು, ನನ್ನ ಕಿವಿಗೇ ಹೇಳು.

ಇಂತಿ,
ಹಲ್ಲು ಕಿರಿದು ಕಿರಿದು ದಣಿದ ನಿನ್ನ ಮಗಳು
ಯೂಲಾನ್

ಮರೆತ ಮಾತು: ಗುಂಪು ಚಿಕ್ಕದಾದಷ್ಟೂ ಕಷ್ಟ ಎಂದೆ, ನಮ್ಮ ಗುಂಪು ಎಷ್ಟು ಚಿಕ್ಕದು ಎಂದು ಬರೆಯಲಿಲ್ಲ. ಚಳಿ ಶುರುವಾದ ಮೇಲೆ ಕಂಪನಿಗೆ ಗುಂಪುಗಳಿಲ್ಲ, ನಾನು ರಜೆ ಹಾಕಿದ್ದೇನೆ. ಕೆಳಗಿನ ಎರಡು ಬರ್ತ್ ತೆಗೆದಿದ್ದೇನೆ, ಎದುರುಬದುರು. ನಾವಿಬ್ಬರೇ. ಮೊದಲೇ ಹೇಳಿದ್ದರೆ, ನನಗೋಸ್ಕರ ಯಾರೂ ರಜೆ ಹಾಕಬೇಕಾಗಿಲ್ಲ ಎಂದು ನೀನು ಈ ಕಾಗದವನ್ನು ಅರ್ಧಕ್ಕೇ ಮಡಿಸಿಡುತ್ತಿದ್ದೆ.